ಬಡಿದರೆ ತೆಗೆಯದ ಬಾಗಿಲು

ಎದುರುಮನೆಯ ಅವ್ವ ಬಾಗಿಲಿಗೆ ಕಿವಿ ಹಚ್ಚಿ ನಿಂತಾಗ ಅವಳ ಬುಗುಡಿ ತೇಗದ ಹಲಗೆಗೆ ತಾಗಿ ಟಕ್ಕೆನ್ನುತ್ತಿತ್ತು. ಆ ಸದ್ದು ನಿಜವಾಗಿ ಬೀದಿಗೆ ಕೇಳಿಸುತ್ತಿತ್ತೋ, ಇಷ್ಟು ವರ್ಷಗಳಲ್ಲಿ ನಾನೇ ಸೇರಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು, ಬೇರೆಯವರ ನೆನಪನ್ನು ಮೊದಲು ಅನುಮಾನಿಸಬೇಕೆಂದು ಕಲಿತವನು. ಈಗ ನನ್ನದರ ಮೇಲೆಯೇ ಅನುಮಾನ.

ಸಿರುಗುಪ್ಪದ ನಮ್ಮ ಓಣಿಯಲ್ಲಿ ಹಗಲಿಡೀ ಅಗಳಿ ಹಾಕಿರುತ್ತಿದ್ದ ಮನೆ ಅದೊಂದೇ. ಬಡಿದರೆ ತೆಗೆಯುತ್ತಿರಲಿಲ್ಲ. ನಮ್ಮ ಹೆಸರು ಹೇಳಬೇಕು, ತಾಯಿಯ ಹೆಸರು ಹೇಳಬೇಕು. ಅಷ್ಟಾದರೂ ಒಳಗಿನಿಂದ ಪರೀಕ್ಷೆ: "ಹಂಗಾರ ನಿಮ್ಮನ್ಯಾಗ ಇವತ್ತ ಏನ್ ಪಲ್ಯ?"

ಮೀಟರ್ ನೋಡುವವನು ಕಾದು ಕಾದು ರೇಗುತ್ತಿದ್ದ. "ಯವ್ವಾ, ಕರೆಂಟ್ ಬಿಲ್ ಬರಿಯಾಕ ಬಂದೀನಿ, ನಿನ್ನ ಬಂಗಾರ ಒಯ್ಯಾಕಲ್ಲ!"

"ಒಯ್ಯಾಕ ಬಂದಾವ್ರು ಹೇಳಿ ಒಯ್ತಾರೇನಲೇ?"

ಓಣಿಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ, ಅವಳೊಮ್ಮೆ ನನ್ನನ್ನು ಅಂಗಳದಲ್ಲಿ ಜೋಳ ತುಂಬಿಡುವ ನೆಲಗುಂಡಿಯ, ಹಗೇವಿನ, ಪಕ್ಕ ಕೂರಿಸಿಕೊಂಡು ಮಾತಾಡುವವರೆಗೆ.

ಹೊಳೆಯಾಚೆ ನಿಜಾಮನ ಸೀಮೆಯಿದ್ದ ಕಾಲ. ರಜಾಕಾರರು ದಾಟಿ ಬರುತ್ತಾರೆಂಬ ಪುಕಾರು ದಿನವೂ. ಒಂದು ಸಂಜೆ ಓಣಿಯಲ್ಲಿ "ಬಂದ್ರು, ಬಂದ್ರು" ಎಂಬ ಕೂಗೆದ್ದಿತು. ಯಾರೋ ಇವರ ಬಾಗಿಲು ಬಡಿಯತೊಡಗಿದರು. ಇವಳಿನ್ನೂ ಹುಡುಗಿ. ಅಪ್ಪ ಇವಳನ್ನೂ ಪುಟ್ಟ ತಮ್ಮನನ್ನೂ ಅದೇ ಹಗೇವಿಗೆ ಇಳಿಸಿ ಮೇಲೆ ಚಪ್ಪಡಿ ಎಳೆದ. ಬಡಿತ ನಿಂತು ಎಷ್ಟೋ ಹೊತ್ತಾದ ಮೇಲೆ ಸರಿಸಿದಾಗ ತಮ್ಮ ಉಸಿರಾಡುತ್ತಿರಲಿಲ್ಲ.

"ನನ್ ತೊಡಿ ಮ್ಯಾಲ ಇದ್ದ. ಮಲಗ್ಯಾನ ಅಂತ ತಿಳಕಂಡಿದ್ದೆ," ಎಂದಳು.

ಅದನ್ನು ಕೇಳಿದಂದಿನಿಂದ ಯಾರ ಮನೆಯ ಬಾಗಿಲು ಬಡಿದರೂ ನನ್ನೆದೆ ಧಸಕ್ಕೆನ್ನುತ್ತದೆ.

ಹೊಳೆ ಏರಿ ಊರಿಗೆ ನುಗ್ಗಿದ ವರ್ಷ, ಬಳ್ಳಾರಿಯಿಂದ ಅವಳ ಬಿಪಿ ಮಾತ್ರೆ ತಂದು ಕೊಟ್ಟು ಅಲ್ಲೇ ಕೂತಿದ್ದೆ. ಮುಚ್ಚಂಜೆ. ಬಾಗಿಲು ಬಡಿದ ಸದ್ದಾಯಿತು, ಒಂದು ಕೈಯದಲ್ಲ, ಹಲವು ಕೈಗಳದು. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ತೆಗೀಬ್ಯಾಡ."

ಅವಳ ಕಣ್ಣು ಚಪ್ಪಡಿಯ ಮೇಲಿತ್ತು. ಎದ್ದು ತೆಗೆಯಬೇಕೆಂದು ಗೊತ್ತಿದ್ದೂ ನಾನು ಕೂತೇ ಇದ್ದೆ. ಹೊರಗೆ ಒಂದು ಕೂಸು ಕೆಮ್ಮಿತು. ಅವ್ವ ನನ್ನ ಕೈ ಬಿಟ್ಟಳು. ಹೋಗಿ, ಹೆಸರನ್ನೂ ಕೇಳದೆ ಅಗಳಿ ಎಳೆದಳು. ಹೊಳೆದಂಡೆಯ ಕೇರಿಯವರು, ಒದ್ದೆ ಗಂಟು ಹೊತ್ತು ನಿಂತಿದ್ದರು. "ಬರ್ರಿ, ಒಳಗ ಬರ್ರಿ," ಎನ್ನುವಾಗ ಅವಳ ಹಲ್ಲು ಕಟಕಟಿಸುತ್ತಿದ್ದವು.

ಎಲ್ಲರಿಗೂ ಗಂಜಿ ಬಡಿಸಿದ ಮೇಲೆ ನನ್ನನ್ನು ಮೂಲೆಗೆ ಕರೆದಳು. "ನೀ ಓದಿದಾಂವ ಅದಿ. ಅವತ್ತ ಬಡದಾವ್ರೂ ಇಂಥಾವ್ರೇ ಇದ್ರೇನು?"

"ಗೊತ್ತಿಲ್ಲವ್ವ. ಹುಡುಕಿ ನೋಡ್ಲೇನು?"

"ಬ್ಯಾಡ. ನಾ ಇರೂತನಾ ಬ್ಯಾಡ."

ಇರುವತನಕ ಹುಡುಕಲಿಲ್ಲ. ಹೊಳೆ ಇಳಿದ ಮೇಲೆ, ಯಾರಾದರೂ ಅವಳ ಬಾಗಿಲು ಬಡಿದರೆ ನನ್ನನ್ನು ಕರೆಯುತ್ತಿದ್ದಳು. ನಾನು ಪಕ್ಕದಲ್ಲಿ ನಿಂತರೆ ತಾನೇ ತೆಗೆಯುತ್ತಿದ್ದಳು. ಹೆದರಿಕೊಂಡೇ ತೆಗೆಯಬಹುದೆಂದು ಕಲಿತದ್ದು ಅವಳಿಂದ.

ಅವಳು ತೀರಿಕೊಂಡ ಮೇಲೆ, ಅಂದು ಬಡಿದವರು ಯಾರೆಂದು ಕೇಳುತ್ತಾ ಹೊರಟೆ. ರಾರಾವಿಯಲ್ಲಿ ಒಬ್ಬ ಮುದುಕ ಸಿಕ್ಕ. ರಜಾಕಾರರಿಗೆ ಹೆದರಿ ತಾಯಿಯ ಜೊತೆ ಹೊಳೆ ದಾಟಿ ಬಂದವನು. ಅಂದು ಸಿರುಗುಪ್ಪದಲ್ಲಿ ಒಂದು ಬಾಗಿಲು ಎಷ್ಟು ಬಡಿದರೂ ತೆಗೆಯಲಿಲ್ಲವೆಂದ. ಒಬ್ಬನ ನೆನಪನ್ನು ನಂಬದೆ, ಕುರುಗೋಡಿನಲ್ಲಿದ್ದ ಅವನ ಅಕ್ಕನನ್ನೂ ಬೇರೆಯಾಗಿ ವಿಚಾರಿಸಿದೆ. ಇಬ್ಬರನ್ನೂ ಬೇರೆ ಬೇರೆ ದಿನ ಓಣಿಗೆ ಕರೆತಂದು, ಯಾವ ಮನೆಯೆಂದು ಹೇಳದೆ ಬಿಟ್ಟೆ. ಇಬ್ಬರೂ ಹೋಗಿ ಅವ್ವನ ಮನೆಯ ಮುಂದೆಯೇ ನಿಂತರು. ಆ ಸಂಜೆ ಬಾಗಿಲು ಬಡಿದದ್ದು ಅವರ ತಾಯಿ.