ಇಪ್ಪತ್ತು ವಯಲ್ ಕೊಟ್ಟರೂ ಹೆಪ್ಪುಗಟ್ಟದ ರಕ್ತ

ಕೋವಿಡ್ ಬರುವ ಹಿಂದಿನ ವರ್ಷ ನಾನು ಹುನಗುಂದ ತಾಲ್ಲೂಕಿನ ಒಂದು ಸರಕಾರಿ ದವಾಖಾನೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಪ್ರಕರಣ ಇನ್ನೂ ಕೋರ್ಟಿನಲ್ಲಿದೆ. ನೌಕರಿಗೆ ಸೇರಿ ಇಪ್ಪತ್ತಾರು ವರ್ಷಗಳಾಗಿದ್ದವು. ಆ ಎರೆಹೊಲಗಳ ಸೀಮೆಯಲ್ಲಿ ಹೆಸರುಕಾಳಿನ ಬೆಳೆ ಬಲಿಯುವ ಹೊತ್ತಿಗೆ ವಾರಕ್ಕೆ ಒಬ್ಬಿಬ್ಬರಾದರೂ ಹಾವು ಕಡಿದವರು ಬರುತ್ತಿದ್ದರು. ಬಹಳಷ್ಟು ಜನರನ್ನು ಉಳಿಸಿ ಮನೆಗೆ ಕಳಿಸಿದ್ದೆ. ಅದರಿಂದ ಬಂದ ಧೈರ್ಯ ಸ್ವಲ್ಪ ಹೆಚ್ಚೇ ಆಗಿತ್ತೆಂದು ಈಗ ಅನಿಸುತ್ತದೆ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಎಂಟು ಗಂಟೆಗೆ ಬೀರಪ್ಪ ಎಂಬ ಕುರಿಗಾರ ತನ್ನ ಅಕ್ಕ ಶಿವವ್ವನನ್ನು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಕರೆತಂದ. ಹೆಸರುಕಾಯಿ ಬಿಡಿಸುವಾಗ ಅವಳ ಬಲಗಾಲಿಗೆ ಹಾವು ಕಡಿದಿತ್ತು. ಬೀರಪ್ಪ ಆ ಹಾವನ್ನು ಕಲ್ಲಿನಿಂದ ಜಜ್ಜಿ ಕೊಂದು, ಬಣ್ಣದ ಖಾಲಿ ಬಕೆಟ್ಟಿನಲ್ಲಿ ಹಾಕಿಕೊಂಡು ಬಂದಿದ್ದ. ನೋಡಿದೆ. ಕೊಳಕುಮಂಡಲ, ಸಂಶಯವೇ ಇರಲಿಲ್ಲ. ಕಾಲು ಮೊಣಕಾಲಿನವರೆಗೆ ಬಾತು ನೀಲಿಗಟ್ಟಿತ್ತು. ಶಿವವ್ವನ ಒಸಡಿನಿಂದ ರಕ್ತ ಜಿನುಗಿ ಹಲ್ಲೆಲ್ಲ ಕೆಂಪಾಗಿದ್ದವು.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತದೆ. ಅದನ್ನು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಗಾಜಿನ ಕೊಳವೆಯಲ್ಲಿ ಎರಡು ಎಂ.ಎಲ್. ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ವಾಲಿಸಿದಾಗ ಅದು ನೀರಿನಂತೆ ಹರಿದರೆ ವಿಷ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ಶಿವವ್ವನ ರಕ್ತ ಹರಿಯಿತು. ಸಿಸ್ಟರ್ ಮಾಬೂಬಿ ಆಗಲೇ ಸಲೈನ್ ಹಚ್ಚಿದ್ದಳು. ಒಂಬತ್ತು ಗಂಟೆಯೊಳಗೆ ಹತ್ತು ವಯಲ್, ಅಂದರೆ ಹತ್ತು ಪುಟ್ಟ ಸೀಸೆ, ಎ.ಎಸ್.ವಿ. ಕೊಟ್ಟು ಮುಗಿಸಿದೆವು. ಎ.ಎಸ್.ವಿ. ಎಂದರೆ ಹಾವಿನ ವಿಷವನ್ನು ಕುದುರೆಗೆ ಸ್ವಲ್ಪಸ್ವಲ್ಪವೇ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಮಾಡುವ ಔಷಧಿ.

ಬೀರಪ್ಪ ಬಾಗಿಲಲ್ಲೇ ನಿಂತಿದ್ದ. ತಾಯಿ ಸತ್ತ ಮೇಲೆ ಈ ಅಕ್ಕನೇ ಅವನನ್ನು ಬೆಳೆಸಿದ್ದಳಂತೆ. ಉಳಿಯುತ್ತಾಳೇನು ಎಂದು ಕೇಳಿದ. ನಾನು ಅವನ ಹೆಗಲು ತಟ್ಟಿ, "ಔಷಧಿ ಬಿದ್ದೈತಿ, ಇನ್ನ ಚಿಂತಿ ಮಾಡಬ್ಯಾಡ. ಸಂಜಿಗೆ ಎದ್ದು ಕುಂದರ್ತಾಳ" ಎಂದೆ.

ನಿಯಮದ ಪ್ರಕಾರ ಆರು ಗಂಟೆಗಳ ನಂತರ ಮತ್ತೆ ಪರೀಕ್ಷೆ ಮಾಡಿದೆವು. ರಕ್ತ ಹಾಗೇ ಹರಿಯಿತು. ಇನ್ನೂ ಹತ್ತು ವಯಲ್ ಹಾಕಿದೆ. ಅಷ್ಟರಲ್ಲಿ ಮೂತ್ರ ಕೆಂಪಾಗಿ, ಆಮೇಲೆ ನಿಂತೇಹೋಯಿತು. ಸೂಜಿ ಚುಚ್ಚಿದ ಜಾಗಗಳಿಂದ ರಕ್ತ ಒಸರುತ್ತಲೇ ಇತ್ತು. ಕಿಡ್ನಿ ಕೈಕೊಡುತ್ತಿವೆ, ಬಾಗಲಕೋಟೆಗೆ ಸಾಗಿಸಬೇಕು ಎಂದು ನನಗೆ ಹೊಳೆದಾಗ ನಾಲ್ಕು ಗಂಟೆ. ಆಂಬುಲೆನ್ಸ್ ಹೆರಿಗೆಯೊಂದಕ್ಕೆ ಇಳಕಲ್ಲಿಗೆ ಹೋಗಿತ್ತು. ಅದು ಬಂದು, ಸ್ಟ್ರೆಚರ್ ಮೇಲೆ ಎತ್ತಿ ಮಲಗಿಸುವಾಗ ಶಿವವ್ವ ರಕ್ತ ಕಾರಿದಳು. ಕೈಕಾಲು ಸೆಟೆದವು. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು.

ಊರಿನ ನಲವತ್ತು ಐವತ್ತು ಜನ ಅಂಗಳದಲ್ಲಿ ಸೇರಿದ್ದರು. ಔಷಧಿ ಅವಧಿ ಮುಗಿದದ್ದು ಎಂದು ಯಾರೋ ಹೇಳಿದರು. ಆ ಮಾತು ಕ್ಷಣದಲ್ಲಿ ಎಲ್ಲರ ಬಾಯಿಗೆ ಬಂತು. ಬೀರಪ್ಪ ನನ್ನೆದುರು ಬಂದು ನಿಂತ. ಅವನ ದನಿ ಏರಲಿಲ್ಲ.

"ಔಷಧಿ ಬಿದ್ದೈತಿ ಅಂದಿದ್ದಿ. ಏನ್ ಔಷಧಿ ಹಾಕಿದಿಲೇ ನಮ್ಮಕ್ಕಗ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಸಲೈನ್ ಸ್ಟ್ಯಾಂಡ್ ಕಿತ್ತುಕೊಂಡು ಬೀಸಿದ. ತಲೆಗೆ ಅಡ್ಡ ಹಿಡಿದ ಎಡಗೈಯಲ್ಲಿ ಎರಡೂ ಎಲುಬು ಮುರಿದ ಸಪ್ಪಳ ನನಗೇ ಕೇಳಿಸಿತು. ಜನ ಒಳನುಗ್ಗಿದರು. ಔಷಧಿಯ ಕಪಾಟು ಬಿತ್ತು. ಉಳಿದಿದ್ದ ಮೂವತ್ತು ವಯಲ್ ಎ.ಎಸ್.ವಿ. ಕಾಲಡಿ ಪುಡಿಯಾದವು. ನಾನು ಓಡಿದೆ. ಹೆರಿಗೆ ಕೋಣೆಗೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡೆ.

ಮಾಬೂಬಿ ಹೊರಗೆ ವಾರ್ಡಿನಲ್ಲೇ ಉಳಿದಿದ್ದಳು. ಶಿವವ್ವನ ಮೈಮೇಲೆ ಬಟ್ಟೆ ಎಳೆದು, ಅವಳ ಬಾಯಿಯ ರಕ್ತ ಒರೆಸುತ್ತಿದ್ದಳಂತೆ. ಕಿಟಕಿಯಿಂದ ಬಂದ ಕಲ್ಲೊಂದು ಅವಳ ಎಡಗಿವಿಗೆ ಬಡಿಯಿತು. ಅವಳು ಶವದ ಮೇಲೇ ಬಿದ್ದಳು. ಬಾಗಿಲಾಚೆಯಿಂದ ಅವಳು ನನ್ನನ್ನು ಕರೆದದ್ದು ಎರಡು ಸಲ. ನಾನು ಚಿಲಕ ತೆಗೆಯಲಿಲ್ಲ.

ಅರ್ಧ ಗಂಟೆಗೆ ಪೊಲೀಸರು ಬಂದರು. ಲಾಠಿ ಬೀಸಿದಾಗ ಜನ ಚದುರಿದರು. ಬೀರಪ್ಪ ಮಾತ್ರ ಕದಲಲಿಲ್ಲ. ಅವನನ್ನು ಅಂಗಳದಲ್ಲಿ ಕೆಡವಿ ಹೊಡೆದರು. ಮೂಗು ಒಡೆದು ಮುಖ ಗುರುತು ಸಿಗದಂತಾಯಿತು. ಮುರಿದ ಕೈ ಹಿಡಿದುಕೊಂಡು ನಾನು ಕಿಟಕಿಯಿಂದ ನೋಡುತ್ತಿದ್ದೆ. ನಿಲ್ಲಿಸಿ ಎನ್ನಬಹುದಿತ್ತು. ಅನ್ನಲಿಲ್ಲ. ಪ್ರತಿ ಏಟಿಗೂ ನನ್ನೊಳಗೆ ಒಂದು ಸಮಾಧಾನ ಆಗುತ್ತಿತ್ತು. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

ನನ್ನ ಕೈಗೆ ಪ್ಲೇಟ್ ಹಾಕಿದರು. ಮಾಬೂಬಿಯ ಎಡಗಿವಿ ಶಾಶ್ವತವಾಗಿ ಕಿವುಡಾಯಿತು. ಔಷಧಿಯ ಬ್ಯಾಚ್ ತಪಾಸಣೆಯಾಯಿತು. ಅವಧಿ ಮುಗಿಯಲು ಇನ್ನೂ ಒಂದೂವರೆ ವರ್ಷವಿತ್ತು. ಇಲಾಖೆಯ ವಿಚಾರಣೆಯಲ್ಲಿ ನಾನು ನಿರ್ದೋಷಿ ಎಂದು ಬರೆದ ಕಾಗದ ಕೈಗೆ ಬಂತು. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಔಷಧಿ ಒಳ್ಳೆಯದು, ಕೊಟ್ಟದ್ದು ಹೊತ್ತಿಗೆ ಸರಿಯಾಗಿ, ಹಾವು ಅದೇ. ಮತ್ತೆ ರಕ್ತ ಯಾಕೆ ಹೆಪ್ಪುಗಟ್ಟಲಿಲ್ಲ?

ಉತ್ತರದ ಒಂದು ತುದಿ ಆರು ತಿಂಗಳ ನಂತರ ಸಿಕ್ಕಿತು. ಬೆಂಗಳೂರಿನ ಪ್ರಯೋಗಾಲಯವೊಂದರಿಂದ ಅನುಪಮಾ ಎಂಬ ಯುವ ಸಂಶೋಧಕಿ ಅರಣ್ಯ ಇಲಾಖೆಯ ಅನುಮತಿ ಪತ್ರ ಹಿಡಿದು, ಪರಿಣತ ಹಾವು ಹಿಡಿಯುವವನೊಬ್ಬನ ಜೊತೆ ಬಂದಳು. ನಮ್ಮ ಭಾಗದ ಕೊಳಕುಮಂಡಲಗಳ ವಿಷದ ಮಾದರಿ ಅವಳಿಗೆ ಬೇಕಿತ್ತು. ದೇಶದ ಎ.ಎಸ್.ವಿ. ತಯಾರಿಗೆ ಬೇಕಾದ ವಿಷ ಹೆಚ್ಚಾಗಿ ತಮಿಳುನಾಡಿನ ಕಡೆಯ ಹಾವುಗಳಿಂದ ಬರುತ್ತದೆ. ಒಂದೇ ಜಾತಿಯ ಹಾವಾದರೂ ಸೀಮೆ ಬದಲಾದರೆ, ವಯಸ್ಸು ಬದಲಾದರೆ ವಿಷದ ಪ್ರೊಟೀನುಗಳೂ ಬದಲಾಗುತ್ತವೆ ಎಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ ಎಂದಳು. ಕೆಲವು ಕಡೆಯ ಹಾವಿನ ವಿಷಕ್ಕೆ ಈಗಿನ ಔಷಧಿ ಸರಿಯಾಗಿ ಹಿಡಿಯುವುದಿಲ್ಲವಂತೆ. ಶಿವವ್ವನ ವಿಷಯ ಹೇಳಿ, ಹೀಗೆಯೇ ಆಗಿರಬಹುದೇ ಎಂದು ಕೇಳಿದೆ.

"ಇರಬಹುದು, ಇಲ್ಲದೆಯೂ ಇರಬಹುದು ಸರ್. ಆ ಹಾವಿನ ವಿಷ ನಮ್ಮ ಹತ್ತಿರ ಇಲ್ಲವಲ್ಲ" ಎಂದಳು.

ಇಷ್ಟು ಕಡಿಮೆ ಅನುಭವದ ಹುಡುಗಿ ಎಷ್ಟು ಸಲೀಸಾಗಿ ಗೊತ್ತಿಲ್ಲ ಎಂದಳಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಹಾವುಗಳ ಜಾಗ ಬಲ್ಲವರು ಯಾರೆಂದು ಕೇಳಿದರೆ ಊರವರೆಲ್ಲ ಹೇಳಿದ್ದು ಒಂದೇ ಹೆಸರು. ಬೀರಪ್ಪ ಜಾಮೀನಿನ ಮೇಲೆ ಹೊರಗಿದ್ದ. ಅವನ ಕುರಿಹಟ್ಟಿಗೆ ಹೋದೆ. ಅವನು ಎದ್ದು ನಿಂತ. ಮೂಗು ಒಂದು ಬದಿಗೆ ವಾಲಿತ್ತು. ನಾನು ನಿಂತಲ್ಲಿಂದಲೇ ಎಲ್ಲ ಹೇಳಿದೆ. ಔಷಧಿ ಹಳೆಯದಾಗಿರಲಿಲ್ಲ, ಅದು ನಿನ್ನ ತಪ್ಪು ತಿಳಿವಳಿಕೆ. ಆದರೆ ಸಂಜೆಗೆ ಎದ್ದು ಕೂರುತ್ತಾಳೆ ಎಂದದ್ದು ನನ್ನ ತಪ್ಪು. ಹಾಗೆನ್ನಲು ನನಗೆ ಆಧಾರವಿರಲಿಲ್ಲ. ಮೊದಲ ವಯಲ್ ಹಾಕಿದಾಗಲೇ ಬಾಗಲಕೋಟೆಗೆ ಕಳಿಸಬೇಕಿತ್ತು, ಕಳಿಸಲಿಲ್ಲ. ಈ ಸೀಮೆಯ ಹಾವಿಗೆ ಆ ಔಷಧಿ ಹಿಡಿಯುತ್ತದೆಯೋ ಇಲ್ಲವೋ ನೋಡಲು ವಿಷ ಬೇಕಾಗಿದೆ ಎಂದೂ ಹೇಳಿದೆ.

ಅವನು ಕೋಲು ಎತ್ತಿಕೊಂಡು, "ಹಾವ್ ತೋರಸ್ತೇನಿ ನಡೀರಿ" ಎಂದ.

ಮೂರು ದಿನಗಳಲ್ಲಿ ಬದುವಿನ ಕಲ್ಲುಗುಂಪೆಗಳಲ್ಲಿ, ಕಳ್ಳಿಯ ಬೇಲಿಯ ಬುಡದಲ್ಲಿ ಅವನು ನಾಲ್ಕು ಹಾವು ತೋರಿಸಿದ. ಮೊದಲನೆಯದನ್ನು ಕಂಡಾಗ ಅವನ ಕೈ ತಾನಾಗಿಯೇ ಕಲ್ಲಿಗೆ ಹೋಯಿತು; ಆಮೇಲೆ ಅದನ್ನು ಕೆಳಗಿಟ್ಟ. ಗಾಜಿನ ಲೋಟದ ಬಾಯಿಗೆ ಬಿಗಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಹಾವಿನಿಂದ ಕಚ್ಚಿಸಿದಾಗ ಒಳಗೆ ವಿಷದ ಹಳದಿ ಹನಿಗಳು ಇಳಿದವು. ಬೀರಪ್ಪ ಬಗ್ಗಿ ನೋಡಿ, "ಇಷ್ಟ ಏನ್ರಿ?" ಎಂದು ಕೇಳಿ ಬದುವಿನ ಮೇಲೆ ಕುಳಿತುಬಿಟ್ಟ. ಹಾವುಗಳನ್ನು ಹಿಡಿದಲ್ಲೇ ಬಿಟ್ಟರು. ಅವನು ತಡೆಯಲಿಲ್ಲ.

ಈ ಸಂಗತಿಯೆಲ್ಲ ಮಾಬೂಬಿಗೆ ಹೇಳಿ, ಕೇಸಿನಲ್ಲಿ ರಾಜಿ ಮಾಡಿಕೊಳ್ಳೋಣವೇ ಎಂದು ಕೇಳಿದೆ. ಅವಳು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿಸಿಕೊಂಡಳು.

"ನೀವು ಬಾಗಲಾ ಹಾಕ್ಕೊಂಡಿದ್ರಿ ಸರ್. ನಾ ಆ ಹೆಣ್ಮಗಳ ಮಾರಿ ಒರಸಾಕತ್ತಿದ್ದೆ. ನೀವು ಮಾಫ್ ಮಾಡ್ರಿ, ನಾ ಮಾಡಂಗಿಲ್ಲ."

ರಾಜಿಯ ಮಾತನ್ನು ಅಲ್ಲಿಗೇ ಬಿಟ್ಟೆ. ಕೇಸು ಮುಂದುವರಿಯಿತು. ಮರುತಿಂಗಳು ಅವಳು ಬಾದಾಮಿ ಕಡೆಗೆ ವರ್ಗ ಮಾಡಿಸಿಕೊಂಡು ಹೋದಳು.

ನಿವೃತ್ತಿಯ ವರ್ಷ ಇಳಕಲ್ ಕಡೆಯ ಕಲ್ಲುಗಣಿಯ ಕೆಲಸಗಾರನೊಬ್ಬನಿಗೆ ಅದೇ ಜಾತಿಯ ಹಾವು ಕಡಿದಿತ್ತು. ಮೊದಲ ವಯಲ್ ಬೆರೆಸುತ್ತಲೇ ಅವನ ಹೆಂಡತಿಗೂ ಅಣ್ಣನಿಗೂ ಹೇಳಿದೆ: ಈ ಔಷಧಿ ಹಿಡಿಯಬಹುದು, ಹಿಡಿಯದೆಯೂ ಇರಬಹುದು, ಇದಕ್ಕಿಂತ ಒಳ್ಳೆಯದು ಸದ್ಯಕ್ಕೆ ಎಲ್ಲೂ ಇಲ್ಲ, ಕಿಡ್ನಿಯ ಸಲುವಾಗಿ ಈಗಲೇ ಬಾಗಲಕೋಟೆಗೆ ಹೊರಡಿ. ಅವನು ಅಲ್ಲಿ ಮೂರನೆಯ ದಿನ ತೀರಿಕೊಂಡ. ಅಣ್ಣ ಕಾಗದಪತ್ರಕ್ಕೆ ನನ್ನಲ್ಲಿಗೆ ಬಂದ, ಕೂತು ನೀರು ಕುಡಿದು ಹೋದ. ಔಷಧಿಯ ಮಿತಿಯನ್ನು ಮೊದಲ ಗಂಟೆಯಲ್ಲೇ ರೋಗಿಯ ಮನೆಯವರಿಗೆ ಹೇಳುವುದೂ ಚಿಕಿತ್ಸೆಯ ಭಾಗ ಎಂದು ನೌಕರಿ ನನಗೆ ಕಲಿಸಿದ್ದು ಇಷ್ಟು ತಡವಾಗಿ.

ಹೋದ ಸಲ ಸಾಕ್ಷಿ ಹೇಳಲು ಹುನಗುಂದದ ಕೋರ್ಟಿಗೆ ಹೋಗಿದ್ದೆ. ಬೀರಪ್ಪ ಸ್ಟ್ಯಾಂಡ್ ಬೀಸಿದ್ದನ್ನು ಇದ್ದದ್ದು ಇದ್ದಂತೆ ಹೇಳಿದೆ. ನಾನು ಚಿಲಕ ಹಾಕಿಕೊಂಡದ್ದನ್ನೂ ಹೇಳಿದೆ. ಹೊರಗೆ ಬಂದಾಗ ಅವನು ಬೇವಿನ ಮರದ ಕೆಳಗೆ ನಿಂತಿದ್ದ. ನಮ್ಮ ಹಾವಿಗೆ ಔಷಧಿ ಬಂತೇ ಎಂದು ಕೇಳಿದ. ನಾಗರ, ಕಟ್ಟುಹಾವುಗಳ ನರವಿಷಕ್ಕೆ ಪ್ರಯೋಗಾಲಯದಲ್ಲೇ ತಯಾರಿಸಿದ ಪ್ರತಿಕಾಯಗಳು ಇಲಿಗಳಲ್ಲಿ ಫಲ ಕೊಟ್ಟಿವೆ ಎಂದು ಓದಿದ್ದನ್ನು ಹೇಳಿದೆ.

"ಮಂಡಲದ್ದು?"

"ಇನ್ನೂ ಇಲ್ಲಪಾ. ಯಾವಾಗ ಬರತೈತಿ ಅನ್ನೂದೂ ನನಗ ಗೊತ್ತಿಲ್ಲ."

ಅವನು ತಲೆಯಾಡಿಸಿ, ಮುಂದಿನ ತಾರೀಖು ಕೇಳಲು ವಕೀಲರ ಕಡೆ ನಡೆದ.