ಉಳ್ಳೂರಿನಿಂದ ಬರುತ್ತಿದ್ದ ಮೇಲ್

ಊರಲ್ಲಿ ನಾನು ಸಾಧು ಪ್ರಾಣಿ. ಜಗಳಗಂಟ ಎಂಬ ಬಿರುದು ಸಂಪಾದಿಸಿದ್ದು ಹೆಂಡತಿಯ ಬ್ಯಾಂಕ್ ವರ್ಗಾವಣೆಯ ಬಾಲ ಹಿಡಿದು ಎರ್ನಾಕುಲಕ್ಕೆ ಬಂದ ಮೇಲೆ. ಆಸ್ತಿ, ರಾಜಕೀಯ ಯಾವುದಕ್ಕೂ ತುಟಿ ಬಿಚ್ಚದ ನಾನು, ಕಂಪ್ಯೂಟರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇರಬೇಕು, ಯಾವುದನ್ನು ಕೈಬಿಡಬೇಕು ಎಂಬ ಮಾತು ಬಂದರೆ ಮಾತ್ರ ತೋಳೇರಿಸುತ್ತೇನೆ. ನನ್ನ ಮಲಯಾಳ ಬಸ್ಸು ಹತ್ತಿಳಿಯುವಷ್ಟೇ ಆದ್ದರಿಂದ ಜಗಳವೆಲ್ಲ ಇಂಗ್ಲಿಷಿನಲ್ಲಿ.

ನಾವು ಕೆಲವರು ಬಿಡುವಿನಲ್ಲಿ ಸೇರಿ, ಹಳ್ಳಿಯ ವಾಚನಾಲಯಗಳು ಪುಸ್ತಕ ಎರವಲು ಕೊಡಲು ಬಳಸುವ ಪ್ರೋಗ್ರಾಂ ಒಂದನ್ನು ಬರೆದು ಪುಕ್ಕಟೆ ಹಂಚುತ್ತೇವೆ. ಅದು ಓಬೀರಾಯನ ಕಾಲದ ಸಿಸ್ಟಮ್ಮಿನಲ್ಲೂ ಓಡಬೇಕೆಂಬುದು ನಮ್ಮ ಗುಂಪಿನ ಭಾಸ್ಕರನ್ ಸರ್ ಹಟ. ತಿರುವನಂತಪುರದ ಉಳ್ಳೂರಿನಲ್ಲಿದ್ದ ನಿವೃತ್ತ ಇಂಜಿನಿಯರ್ ಅವರು. ಅವರ ಮನೆಯ ಮುದಿ ಕಂಪ್ಯೂಟರು ಪ್ರತಿದಿನ ಬೆಳಿಗ್ಗೆ ನಮ್ಮ ಪ್ರೋಗ್ರಾಮನ್ನು ತಾನೇ ಓಡಿಸಿ ನೋಡಿ, ‘ಹಳೆಯದರಲ್ಲೂ ಎಲ್ಲ ಸರಿ’ ಎಂದು ಸರ್ ಹೆಸರಿನಲ್ಲಿ ಎಲ್ಲರಿಗೂ ಮೇಲ್ ಕಳಿಸುತ್ತಿತ್ತು.

“ಬಳಸುವವರೇ ಇಲ್ಲ ಸರ್, ಬಿಟ್ಟುಬಿಡೋಣ” ಎಂದು ನಾನು.

“ಇಲ್ಲ ಅಂತ ನೀನು ಹೋಗಿ ನೋಡಿದೆಯಾ?” ಎಂದು ಅವರು.

ನಮ್ಮೂರ ತಾಳಮದ್ದಳೆಯಲ್ಲಿ ಎದುರು ವಾದಿಸುವ ಅರ್ಥಧಾರಿ ಗಟ್ಟಿಗನಾದರೆ ನಮ್ಮ ಮಾತಿಗೂ ಕಳೆ ಬರುತ್ತದೆ. ನನ್ನ ಮಾತಿಗೆ ಕಳೆ ಕೊಟ್ಟವರು ಅವರು.

ಕಳೆದ ಮಳೆಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ನಡೆದೇ ಹೋದವರು ಹಿಂತಿರುಗಲಿಲ್ಲ. ಸಂಸ್ಕಾರದ ಮರುದಿನ ಬೆಳಿಗ್ಗೆ ಎಂದಿನಂತೆ ಮೇಲ್ ಬಂತು: ಎಲ್ಲ ಸರಿ. ಹಲ್ಲುಜ್ಜುತ್ತಿದ್ದವನು ಬ್ರಷ್ ಹಿಡಿದುಕೊಂಡೇ ಅತ್ತೆ.

ಆಮೇಲೆ ಹಳೆಯ ಸಿಸ್ಟಂ ಕೈಬಿಡುವ ಮಾತೆತ್ತಲು ನನಗೇ ನಾಲಿಗೆ ಏಳಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳಾದ ಅಂಜು ಮಾತ್ರ, ಆ ಹಳೆಯದರಿಂದ ಹೊಸ ಕೆಲಸವೆಲ್ಲ ನಿಂತಿದೆ ಎಂದಳು. ಅವಳ ಮಾತು ನಿಜವೇ. ಆದರೆ ಕೈಬಿಟ್ಟರೆ ಸರ್ ಹೆಂಡತಿಗೆ, ನಾವೆಲ್ಲ ಅಕ್ಕ ಎಂಬಂತೆ ಚೇಚಿ ಎನ್ನುವ ಸರಳಾ ಚೇಚಿಗೆ, ಕಂಪ್ಯೂಟರು ನಿಲ್ಲಿಸಿ ಎನ್ನಬೇಕು. ಗಂಡನ ನೆನಪಿಗೆಂದು ಓಡಿಸುತ್ತಿದ್ದಾರೆ ಪಾಪ, ಯಾವ ಬಾಯಲ್ಲಿ ಹೇಳುವುದು? ಹಾಗೆಂದು ವರ್ಷದ ಹತ್ತಿರ ಆ ಒಂದೇ ಯಂತ್ರಕ್ಕಾಗಿ ಎಲ್ಲರೂ ಪ್ರೋಗ್ರಾಮಿಗೆ ತೇಪೆ ಹಾಕಿದೆವು.

“ಒಬ್ಬರ ಮನೆಯ ಕಂಪ್ಯೂಟರಿಗೆ ಬೇಕಾಗಿ ಇಷ್ಟು ಜನ ಆದಿತ್ಯವಾರ ಹಾಳು ಮಾಡ್ತೀರಲ್ಲ ಮಾರಾಯ್ರೆ! ಒಮ್ಮೆ ಹೋಗಿ ಅವರನ್ನೇ ಕೇಳ್ಲಿಕ್ಕೆ ಆಗುದಿಲ್ವಾ?” ಎಂದಳು ಹೆಂಡತಿ.

ಕೊನೆಗೆ ನಾನೇ ಹೊರಟೆ. ತಿರುವನಂತಪುರದ ತಂಪಾನೂರಿನಲ್ಲಿ ರೈಲಿಳಿದು ಉಳ್ಳೂರಿಗೆ ಆಟೋ ಹಿಡಿದೆ. ಚೇಚಿ ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟರು. ಮೂಲೆಯಲ್ಲಿ ಕಂಪ್ಯೂಟರು ಗೊರಗುಟ್ಟುತ್ತಿತ್ತು. ನಾನು ಮಳೆ, ರೈಲು ಎಂದು ಸುತ್ತಿ ಬಳಸಿ ಮಾತಾಡುತ್ತಿದ್ದೆ. ಮಗನನ್ನು ಕರೆದಂತೆ ಮೋನೇ ಎಂದು ಅವರೇ ಶುರುಮಾಡಿದರು.

“ಮೋನೇ, ಒಂದು ಕೇಳುತ್ತೇನೆ, ಬೇಜಾರು ಮಾಡಬಾರದು. ಇದು ನಿಮಗೆಲ್ಲ ಇನ್ನೆಷ್ಟು ದಿನ ಬೇಕು? ಮಗಳು ಕೊಲ್ಲಂನ ತನ್ನ ಮನೆಗೆ ಬಾ ಅಂತ ಕರೆಯುತ್ತಲೇ ಇದ್ದಾಳೆ. ಕರೆಂಟ್ ಹೋಗಿ ಬಂದರೆ ಇದನ್ನು ಮತ್ತೆ ಹಾಕುವವರು ಬೇಕಲ್ಲ, ನಿಮ್ಮ ಕೆಲಸ ನಿಲ್ಲಬಾರದು ಅಂತ ಇಲ್ಲೇ ಉಳಿದೆ. ಇದರ ಸದ್ದು ಕೇಳಿದರೆ ಅವರು ಆಚೆ ಕೋಣೆಯಲ್ಲಿ ಕೂತಿದ್ದಾರೆ ಅನ್ನಿಸುತ್ತದೆ. ನನ್ನ ಕೈಲಿ ಆಗುವುದಿಲ್ಲ ಮೋನೇ.”

ನನ್ನ ಬಸ್ಸಿನ ಮಲಯಾಳಕ್ಕೂ ಅವರ ಮಾತಿನಲ್ಲಿ ಅರ್ಥವಾಗದ ಒಂದು ಶಬ್ದವೂ ಇರಲಿಲ್ಲ. ನಾವು ಅವರಿಗಾಗಿ, ಅವರು ನಮಗಾಗಿ! ಒಂದು ಫೋನ್ ಮಾಡುವಷ್ಟು ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲವಲ್ಲ! ಆ ಹೆಂಗಸು ಒಂದು ವರ್ಷ ಈ ಸದ್ದಿನ ಜೊತೆ ಒಬ್ಬರೇ ಇದ್ದರು.

“ಇವತ್ತಿಗೆ ಸಾಕು ಚೇಚಿ” ಎಂದೆ.

ಅವರೇ ಸ್ವಿಚ್ ಆರಿಸಿದರು. ಫ್ಯಾನು ನಿಧಾನಕ್ಕೆ ನಿಂತಿತು. ಮನೆಯಲ್ಲಿ ಏನೂ ಕೇಳಿಸದಾದಾಗ ಅವರು ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದರು. ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು, “ನಿಜ ಹೇಳು, ಇದರಿಂದ ಯಾರಿಗಾದರೂ ಉಪಯೋಗ ಇತ್ತಾ?” ಎಂದರು.

“ಬೆಳಿಗ್ಗೆ ಎದ್ದರೆ ನಾವೆಲ್ಲ ಮೊದಲು ನೋಡುತ್ತಿದ್ದದ್ದು ಇದು ಕಳಿಸಿದ ಮೇಲ್ ಅನ್ನೇ” ಎಂದೆ. ಸುಳ್ಳಲ್ಲ. ಅಷ್ಟು ವರ್ಷ ಎದುರು ವಾದಿಸಿದವನು ಕೊನೆಗೂ ಭಾಸ್ಕರನ್ ಸರ್ ಪರವಾಗಿ ಮಾತಾಡಿದ್ದೆ; ಕೇಳಿ ನಗಲು ಅವರಿರಲಿಲ್ಲ.