ಬಸೂ ತೀರ್ಪು ಕೊಡಲಿಲ್ಲ

ಗೆಳೆಯರೇ, ಹಳಿಯಾಳದ ನಮ್ಮ ಗಿಟಾರ್ ಬಸೂ ಕಾಮಾಲೆಯಿಂದ ತೀರಿಕೊಂಡ ಸುದ್ದಿ ನಿಮಗೆ ಬೆಳಿಗ್ಗೆಯೇ ಮುಟ್ಟಿರಬೇಕು. ಇದು ಇವತ್ತು ಅವನ ಮನೆಯಲ್ಲಿ ನಡೆದದ್ದು.

ಲಿಂಗಾಯತರ ಪದ್ಧತಿಯಂತೆ ಅವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹಾರ. ನಾನು, ಸಲೀಮ, ಬಸೂ ಮೂವರೂ ಕ್ಯಾಸೆಟ್ ಕೇಳುವಾಗ ಅವನು ಒರಗುತ್ತಿದ್ದ ಗೋಡೆಯೇ ಅದು. ಯಾರ ಗಿಟಾರ್ ಹೆಚ್ಚು ಎಂದು ವಾದ ಬಿದ್ದರೆ ಅಲ್ಲೇ ಗಿಟಾರ್ ಎತ್ತಿಕೊಂಡು, ಎರಡೂ ಥರ ಬಾರಿಸಿ ತೀರ್ಪು ಕೊಡುತ್ತಿದ್ದ.

ಭಜನೆಯವರು ಚಹಾ ಕುಡಿಯಲು ಎದ್ದರು. ಸಲೀಮನಿಗೆ ಸುಮ್ಮನಿರಲಾಗಲಿಲ್ಲ. "ಒಂದ ಸ್ವರ ಎಳದು ಅಳಸ್ತಾನಲ್ಲ, ಆ ಬ್ಲೂಸ್ ಗಿಟಾರಿನ ಮುದುಕ ಎಲ್ಲಾರಕಿಂತ ದೊಡ್ಡಾವ ಅಂತಿದ್ದ ಬಸೂ" ಎಂದ.

"ಸುಳ್ಳ ಹೇಳಬ್ಯಾಡ. ರಾಕ್ ಬಾರಸಾವ್ರ ಮುಂದ ಆ ಮುದುಕ ಏನೂ ಅಲ್ಲ ಅಂತಿದ್ದ" ಎಂದೆ ನಾನು.

ದನಿ ಏರಿತು. ಎಲ್ಲಿ ಕೂತಿದ್ದೇವೆ ಅನ್ನುವುದೇ ಮರೆತುಹೋಯಿತು. ಸಲೀಮ ಎಂದಿನಂತೆ ಗೋಡೆಯತ್ತ ತಿರುಗಿ, "ಬಸೂ, ನೀನರ ಹೇಳಪಾ ಇವಗ" ಅಂದುಬಿಟ್ಟ.

ನಾನೂ ಬಸೂನ ಮುಖವನ್ನೇ ನೋಡುತ್ತಿದ್ದೆ, ಉತ್ತರಕ್ಕೆ ಕಾಯುವವನಂತೆ.

ಅವನ ಅವ್ವ ಜಾರಿದ್ದ ಹಾರ ಸರಿಮಾಡುತ್ತ, "ಯಾಕ ನಿಲ್ಲಿಸಿದ್ರಿ? ಮಾತಾಡ್ರಪಾ. ಅವಂಗ ಭಜನಿ ಸೇರತಿರಲಿಲ್ಲ" ಎಂದರು.



ಜಗಳ ಅತಿಯಾದಾಗ ಬಸೂ, "ಇಬ್ರೂ ಎದ್ದು ಹೊರಗ ನಡೀರಿನ್ನ" ಅನ್ನುತ್ತಿದ್ದ. ಇವತ್ತು ಅನ್ನಲಿಲ್ಲ. ಸಂಜೆ ನಾವೇ ಅವನನ್ನು ಹೊತ್ತುಕೊಂಡು ಹೊರಗೆ ನಡೆದೆವು.